ಸ್ಕೈ ದ್ವೀಪದ ಎಲ್ಗೊಲ್‌ಗೆ ಬಾಡಿಗೆ ಕಾರಲ್ಲಿ ಹೋಗುವವರು ಮೊದಲು ಟೈರ್ ವಿಷಯ ಕೇಳಿ

ಸ್ಕಾಟ್ಲೆಂಡಿನ ಸ್ಕೈ ದ್ವೀಪಕ್ಕೆ ಬಾಡಿಗೆ ಕಾರಲ್ಲಿ ಹೊರಟಿದ್ದೀರಾ? ಎಲ್ಗೊಲ್ ಕೂಡ ನೋಡಬೇಕು ಅಂತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗೆ ಕಾರು ಕೊಡುವಾಗ ಬಾಡಿಗೆ ಕಂಪನಿಯವರು 'ಫುಲ್ ಕವರ್, ಅಂದರೆ ಪೂರ್ತಿ ವಿಮೆ ಇದೆ, ಏನಾದರೂ ಚಿಂತೆ ಬೇಡ' ಅಂತ ಹೇಳಿ ದಿನಕ್ಕಿಷ್ಟು ಅಂತ ಜಾಸ್ತಿ ದುಡ್ಡು ತೆಗೆದುಕೊಂಡರು. ಆ ಫುಲ್ ಕವರಿನಲ್ಲಿ ಟೈರ್ ಇರಲಿಲ್ಲ. ಗಾಜು, ಕಾರಿನ ತಳಭಾಗ ಕೂಡ ಇರಲಿಲ್ಲ. ಎಲ್ಗೊಲ್ ರಸ್ತೆಯಲ್ಲಿ ಪೆಟ್ಟು ತಿನ್ನುವುದು ಇವೇ.

ಊರಿನ ಬಗ್ಗೆ ನನಗೆ ಒಂದು ಚೂರೂ ದೂರಿಲ್ಲ. ಎಲ್ಗೊಲ್ ಅಂದರೆ ಸಮುದ್ರದ ದಂಡೆಯ ಪುಟ್ಟ ಹಳ್ಳಿ. ಕೆಳಗೆ ದೋಣಿ ನಿಲ್ಲಿಸುವ ಕಟ್ಟೆ. ಪಕ್ಕದ ಬಂಡೆಗಳಲ್ಲಿ ಜೇನುಗೂಡಿನ ಹಾಗೆ ತೂತು ತೂತು. ಎದುರಿಗೆ ನೀರಿನಾಚೆ ಕಪ್ಪು ಕೂಲಿನ್ ಬೆಟ್ಟಗಳು ನೆಟ್ಟಗೆ ಎದ್ದು ನಿಂತಿರುತ್ತವೆ. ಅಲ್ಲಿಂದ ದೋಣಿಯಲ್ಲಿ ಹೋಗಿ ಇಳಿದು ಸ್ವಲ್ಪ ನಡೆದರೆ, ಬೆಟ್ಟಗಳ ನಡುವೆ ಕೊರೂಸ್ಕ್ ಎಂಬ ಸರೋವರ. ದಾರಿಯಲ್ಲಿ ಸೀಲ್ ಎಂಬ ಕಡಲ ಪ್ರಾಣಿಗಳು ಕಾಣುತ್ತವೆ. ಊರಿಂದ ಬಂದಿದ್ದ ಅಪ್ಪ ಅಮ್ಮನಿಗೆ ಇದನ್ನು ತೋರಿಸಬೇಕು ಅಂತಲೇ ನಾನೂ ನನ್ನ ಗಂಡನೂ ಹೊರಟಿದ್ದು.

1995ರಲ್ಲಿ ಸೇತುವೆ ಆದ ಮೇಲೆ ಸ್ಕೈಗೆ ಕಾರಲ್ಲೇ ಹೋಗಬಹುದು. 2004ರಲ್ಲಿ ಟೋಲ್ ಕೂಡ ತೆಗೆದರು. ಸ್ಕೈಯಲ್ಲೇ ಇರುವ ಬ್ರಾಡ್‌ಫರ್ಡ್ ಎಂಬ ಊರಿನ ತನಕ ರಸ್ತೆ ಆರಾಮ. ಅಲ್ಲಿಂದ ಎಲ್ಗೊಲ್‌ಗೆ ತಿರುಗಿಕೊಂಡರೆ ಸುಮಾರು 15 ಮೈಲಿ, ಅಂದರೆ 24 ಕಿಲೋಮೀಟರ್, ಬಹುಪಾಲು ಒಂದೇ ಕಾರು ಹಿಡಿಸುವ ರಸ್ತೆ. ಅಲ್ಲಲ್ಲಿ ರಸ್ತೆ ಸ್ವಲ್ಪ ಅಗಲವಾಗಿರುತ್ತದೆ. ಎದುರು ಗಾಡಿ ಬಂದರೆ ಒಬ್ಬರು ಅಲ್ಲಿ ಕಾಯಬೇಕು, ಇನ್ನೊಬ್ಬರು ದಾಟಬೇಕು. ಕುರಿಗಳು ರಸ್ತೆಯಲ್ಲೇ ಮಲಗಿರುತ್ತವೆ. ಕೊನೆಯಲ್ಲಿ ದೋಣಿ ಕಟ್ಟೆಗೆ ಇಳಿಯುವ ಇಳಿಜಾರು ತುಂಬಾ ಕಡಿದು.

ಟೊರಿನ್ ಎಂಬ ಊರು ದಾಟಿದ ಮೇಲೆ ಎದುರಿಗೆ ದೊಡ್ಡ ಕ್ಯಾಂಪರ್ ವ್ಯಾನ್ ಬಂತು. ನಮ್ಮವರು ಕಾರನ್ನು ಆದಷ್ಟು ಎಡಕ್ಕೆ ತೆಗೆದುಕೊಂಡು ನಿಲ್ಲಿಸಿದರು. ಅಲ್ಲಿ ಡಾಂಬರಿನ ಅಂಚು ಕಿತ್ತು ಹೋಗಿತ್ತು. ಚಕ್ರ ಕೆಳಗಿಳಿದು ಚೂಪು ಕಲ್ಲಿಗೆ ತಾಗಿ ಟೈರಿನ ಪಕ್ಕದ ಗೋಡೆ ಸೀಳಿತು. ವ್ಯಾನ್‌ನವನು ಕೈ ಬೀಸಿ ಹೋದ.

ಡಿಕ್ಕಿ ತೆಗೆದು ನೋಡಿದರೆ ಸ್ಟೆಪ್ನಿಯೇ ಇಲ್ಲ! ಒಂದು ಬಾಟಲಿ ಅಂಟು, ಒಂದು ಚಿಕ್ಕ ಪಂಪು ಇಟ್ಟಿದ್ದರು. ಈಗಿನ ಎಷ್ಟೋ ಹೊಸ ಕಾರುಗಳಲ್ಲಿ ಇಷ್ಟೇ ಇರುತ್ತದೆ. ಟೈರ್ ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆ ಚುಚ್ಚಿದರೆ ಆ ಅಂಟು ತೂತು ಮುಚ್ಚುತ್ತದೆ. ಪಕ್ಕ ಸೀಳಿದರೆ ಅದು ಕೆಲಸಕ್ಕೆ ಬರುವುದಿಲ್ಲ. ಫೋನ್ ನೋಡಿದರೆ ಸಿಗ್ನಲ್ ಇಲ್ಲ. ಮಳೆ ಹನಿ ಶುರುವಾಗಿತ್ತು. ಅಮ್ಮನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು. ಚೀಲದಲ್ಲಿದ್ದ ಚಕ್ಕುಲಿ, ಬಾಳೆಹಣ್ಣಿನಿಂದ ಆ ಹೊತ್ತು ಕಳೆಯಿತು. ಅಮ್ಮ ನನ್ನನ್ನೇ ಸಮಾಧಾನ ಮಾಡುತ್ತಾ ಕೂತಿದ್ದರು. ನನಗೆ ಮಾತ್ರ ಕೈಕಾಲು ನಡುಗುತ್ತಿತ್ತು.

ಕೊನೆಗೆ ಅಲ್ಲಿಯ ಊರಿನ ಹೆಂಗಸೊಬ್ಬರು ಕಾರು ನಿಲ್ಲಿಸಿದರು. ನಮ್ಮನ್ನು ಏನೂ ವಿಚಾರಿಸದೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು, ನನ್ನನ್ನೂ ಕರೆದುಕೊಂಡು ಬ್ರಾಡ್‌ಫರ್ಡ್‌ಗೆ ಬಿಟ್ಟರು. ಪೆಟ್ರೋಲ್ ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. ಆ ತಾಯಿಯ ಋಣ ದೊಡ್ಡದು.

ಬ್ರಾಡ್‌ಫರ್ಡ್‌ನಿಂದ ಬಾಡಿಗೆ ಕಂಪನಿಗೆ ಫೋನ್ ಮಾಡಿದೆ. ಟೈರಿಗೆ ಆದದ್ದು ಕವರಿನಲ್ಲಿ ಬರುವುದಿಲ್ಲ ಅಂದರು. ಹಾಗಾಗಿ ಕಾರು ಎತ್ತಿಕೊಂಡು ಹೋಗುವ ಲಾರಿಯ ಖರ್ಚೂ ನಮ್ಮದೇ ಅಂದರು. ಅದರ ಮೇಲೆ 'ಕಾಗದ ಪತ್ರದ ಶುಲ್ಕ' ಬೇರೆ. ಕೌಂಟರಿನಲ್ಲಿ ಚಿಂತೆ ಬೇಡ ಅಂದಿದ್ದರಲ್ಲ ಎಂದು ಕೇಳಿದರೆ, ಒಪ್ಪಂದದ ಇಂಥ ಪುಟ ನೋಡಿ ಎಂಬ ಉತ್ತರ. ಲಾರಿ ಬರುವಾಗ ಸಂಜೆಯಾಗಿತ್ತು. ಅಷ್ಟು ಹೊತ್ತೂ ನಮ್ಮವರು ಒಬ್ಬರೇ ಆ ಮಳೆಯಲ್ಲಿ ಕಾರಿನೊಳಗೆ ಕಾದಿದ್ದರು. ದೋಣಿ ಹೋಗಿಯಾಗಿತ್ತು, ಟಿಕೆಟ್ ದುಡ್ಡೂ ಹೋಯಿತು. ದೋಣಿಯವರದು ಏನೂ ತಪ್ಪಿಲ್ಲ. ಬಾಯಲ್ಲಿ ಒಂದು ಹೇಳಿ ಕಾಗದದಲ್ಲಿ ಇನ್ನೊಂದು ಬರೆಯುವುದು ಮಾತ್ರ ಮೋಸವೇ.

ಆದ್ದರಿಂದ ಸಹಿ ಹಾಕುವ ಮುಂಚೆ ನೇರವಾಗಿ ಕೇಳಿ: ಟೈರ್, ಗಾಜು, ತಳಭಾಗ, ಎಳೆದೊಯ್ಯುವ ಖರ್ಚು ಇವೆಲ್ಲ ಸೇರಿವೆಯಾ? ಹೌದು ಅಂದರೆ ಆ ಸಾಲನ್ನು ಕಾಗದದಲ್ಲಿ ತೋರಿಸಿ ಅನ್ನಿ, ಫೋಟೋ ತೆಗೆದುಕೊಳ್ಳಿ. ಬೇರೆ ವಿಮಾ ಕಂಪನಿಗಳು 'ಎಕ್ಸೆಸ್ ಇನ್ಶೂರೆನ್ಸ್' ಅಂತ, ಅಂದರೆ ಕಾರಿಗೆ ಪೆಟ್ಟಾದಾಗ ನಾವು ಕೈಯಿಂದ ಕಟ್ಟಬೇಕಾದ ದುಡ್ಡನ್ನು ವಾಪಸು ಕೊಡುವ ವಿಮೆಯನ್ನು, ಪ್ರತ್ಯೇಕವಾಗಿ ಮಾರುತ್ತವೆ. ಟೈರು, ಗಾಜು ಸೇರಿರುವಂಥದ್ದು ಹುಡುಕಿ ಮನೆಯಿಂದಲೇ ಮಾಡಿಸಿಕೊಂಡು ಹೋಗಿ. ಸಾಮಾನ್ಯವಾಗಿ ಕೌಂಟರಿನ ಬೆಲೆಗಿಂತ ಕಡಿಮೆಗೆ ಸಿಗುತ್ತದೆ. ಡಿಕ್ಕಿ ತೆಗೆಸಿ ಸ್ಟೆಪ್ನಿ ಇದೆಯಾ ನೋಡಿ. ಇಲ್ಲದಿದ್ದರೆ ಇರುವ ಕಾರು ಕೇಳಿ. ದೊಡ್ಡ ಕಾರು ಬೇಡವೇ ಬೇಡ, ಈ ರಸ್ತೆಗೆ ಚಿಕ್ಕದೇ ಸರಿ.

ರಸ್ತೆಯಲ್ಲಿ ಎದುರು ಗಾಡಿ ಕಂಡ ಕೂಡಲೇ ಹತ್ತಿರದ ಅಗಲ ಜಾಗದಲ್ಲೇ ನಿಂತುಬಿಡಿ. ಅದು ಎಡಗಡೆ ಇದ್ದರೆ ಒಳಗೆ ಹೋಗಿ. ಬಲಗಡೆ ಇದ್ದರೆ ಅದರ ಎದುರಿಗೆ ನಿಮ್ಮ ಕಡೆಯಲ್ಲೇ ಕಾಯಿರಿ. ಹಿಂದಿನವರು ಅವಸರದಲ್ಲಿದ್ದರೆ ಅವರಿಗೂ ಅಲ್ಲೇ ದಾರಿ ಬಿಡಿ. ಆದರೆ ಫೋಟೋಗೆ ಅಂತ ಅಲ್ಲಿ ಕಾರು ನಿಲ್ಲಿಸಿ ಇಳಿಯಬೇಡಿ. ಆ ಊರಿನವರಿಗೆ ಇರುವುದು ಅದೊಂದೇ ರಸ್ತೆ. ಆಂಬ್ಯುಲೆನ್ಸ್ ಬರುವುದೂ ಅದರಲ್ಲೇ, ಅಲ್ವಾ?

ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಪೆಟ್ರೋಲು, ಊಟ, ಮಾತ್ರೆ ಎಲ್ಲ ಬ್ರಾಡ್‌ಫರ್ಡ್‌ನಲ್ಲೇ ನೋಡಿಕೊಳ್ಳಿ, ಸಣ್ಣ ಆಸ್ಪತ್ರೆ ಇರುವುದೂ ಅಲ್ಲೇ. ವಯಸ್ಸಾದವರು ಜೊತೆಗಿದ್ದರೆ ಬೆಳಗಿನ ಮೊದಲ ದೋಣಿ ಬುಕ್ ಮಾಡಬೇಡಿ. ಗಾಳಿ ಜಾಸ್ತಿಯಾದರೆ ದೋಣಿಯೇ ಹೊರಡುವುದಿಲ್ಲ. ಹಾಗಾಗಿ ಹಿಂದಿನ ದಿನ ಒಮ್ಮೆ, ಬ್ರಾಡ್‌ಫರ್ಡ್ ಬಿಡುವ ಮುಂಚೆ ಇನ್ನೊಮ್ಮೆ ದೋಣಿಯವರಿಗೆ ಫೋನ್ ಮಾಡಿ ಕೇಳಿಕೊಂಡೇ ಆ ರಸ್ತೆಗೆ ತಿರುಗಿ.