ಒಂದೇ ಬಾಲು, ಮೂರು ಮೈ: ಐನೂರೋ, ಎರಡು ಸಾವಿರವೋ, ಪಾಲಿಶ್ಶೋ?

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಕೆಲಸ ಮಾಡುವವನಿಗೆ ಉಜ್ಜುವುದು ಹೊಸದೇನಲ್ಲ. ಹೊಸ ಪ್ಯಾಂಟಿನ ತೊಡೆ ಮೇಲೆ ಸ್ಯಾಂಡ್ ಪೇಪರ್ ಆಡಿಸಿ ನಾಲ್ಕು ವರ್ಷ ಹಾಕಿಕೊಂಡಂತೆ ಕಾಣಿಸುವುದೇ ನಮ್ಮ ಹೊಟ್ಟೆಪಾಡು. ಆದರೂ ಸಾವಿರಾರು ರೂಪಾಯಿ ಕೊಟ್ಟು ತಂದ ಬೌಲಿಂಗ್ ಬಾಲಿನ (ಕ್ರಿಕೆಟ್ಟಿನದಲ್ಲ, ಲೇನ್ ಎಂಬ ಹಲಗೆ ಹಾಸಿನ ಮೇಲೆ ಉರುಳಿಸಿ ಹತ್ತು ಪಿನ್ನು ಬೀಳಿಸುವ ಆಟದ್ದು) ಮೇಲೆ ಮೊದಲ ಸಲ ಪೇಪರ್ ಇಟ್ಟಾಗ ಕೈ ನಡುಗಿದ್ದು ನಿಜ.

ಬಾಲು 15 ಪೌಂಡಿನದು, ಅಂದರೆ 6.8 ಕೆ.ಜಿ. ಮೇಲ್ಪದರ ರಿಯಾಕ್ಟಿವ್ ರೆಸಿನ್ (ಎಣ್ಣೆ ಹೀರಿ ಲೇನನ್ನು ಕಚ್ಚುವಂಥದ್ದು), ಕನ್ನಡಿಯಂಥ ಫ್ಯಾಕ್ಟರಿ ಪಾಲಿಶ್. ತಿಂಗಳಿಗೆ ಎರಡು ಸಲ ಮಾಲು ಕೊಡಲು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುತ್ತೇನೆ. ಅಲ್ಲಿ ಆಡಲೆಂದು ಬ್ಯಾಗಿನಲ್ಲಿ ಇದೂ ಬರುತ್ತದೆ. ಬರ್ತ್ ಕೆಳಗೆ ಇಡುವಾಗ ಎದುರಿನವರು "ಏನ್ರೀ, ಗುಂಡುಕಲ್ಲಾ?" ಅಂತ ಕೇಳಿದ್ದೂ ಉಂಟು.

ಉಜ್ಜುವ ಕಾರಣ ಸರಳ. ಎಸೆಯುವವನು ದಾಟಬಾರದ ಫೌಲ್ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಅದರಲ್ಲಿ ಹೆಚ್ಚುಕಡಿಮೆ ಮೊದಲ 40 ಅಡಿಗೆ ಎಣ್ಣೆ ಹಚ್ಚಿರುತ್ತಾರೆ, ಮುಂದೆ ಒಣ. ಎಣ್ಣೆಯಲ್ಲಿ ಬಾಲು ಜಾರುತ್ತದೆ, ಒಣ ಜಾಗ ಸಿಕ್ಕಾಗ ಕಚ್ಚಿ ತಿರುಗುತ್ತದೆ. ಮೈ ಒರಟಾದಷ್ಟೂ ಬೇಗ ಕಚ್ಚುತ್ತದೆ, ನುಣುಪಾದಷ್ಟೂ ತಡವಾಗಿ. ಒಳಗಿನ ಭಾರದ ತಿರುಳು, ಅಂದರೆ ಕೋರ್, ಇದ್ದ ಹಾಗೇ ಇರುತ್ತದೆ. ನಾವು ಬದಲಿಸುವುದು ಮುಖ್ಯವಾಗಿ ತಿರುಗುವ ಜಾಗವನ್ನು.

ಫ್ಯಾಕ್ಟರಿ ಪಾಲಿಶ್‌ನಲ್ಲಿ ಬಾಲು ನೋಡಲು ಸೊಗಸು, ಎಸೆದರೆ ಇನ್ನೂ ಸೊಗಸು. ಉದ್ದಕ್ಕೂ ಜಾರಿಕೊಂಡು ಹೋಗಿ ಕೊನೆಗೆ ಗಕ್ಕನೆ ಹೊರಳುತ್ತದೆ. ಪಕ್ಕದ ಲೇನಿನವರು ತಿರುಗಿ ನೋಡುತ್ತಾರೆ. ನನ್ನಂಥವನ ಕೈಯಲ್ಲಿ ಮಾತ್ರ ಅದು ಜೂಜು. ಸಾಮಾನ್ಯ ಲೇನಿನಲ್ಲಿ ನಡುವೆ ಎಣ್ಣೆ ದಪ್ಪ, ಅಂಚಿನಲ್ಲಿ ತೆಳು. ಎರಡು ಹಲಗೆ ಆಚೆ, ಅಂಚಿನ ಕಡೆ ಬಿದ್ದರೆ ಬಾಲು ಜಿಗಿದು ಮೊದಲ ಪಿನ್ನಿನ ಮೂಗಿಗೇ ಬಡಿದು 4, 6, 7, 10ನೇ ಪಿನ್ನುಗಳು ಎರಡೂ ಬದಿಗೆ ನಿಂತುಬಿಡುತ್ತವೆ. ಎರಡು ಹಲಗೆ ಈಚೆ, ನಡುವಿನ ಕಡೆ ಬಿದ್ದರೆ ತಿರುಗುವುದನ್ನೇ ಮರೆತು ನೆಟ್ಟಗೆ ಹೋಗುತ್ತದೆ. ತಪ್ಪು ಚಿಕ್ಕದು, ದಂಡ ದೊಡ್ಡದು.

ಹಾಗಾಗಿ ಉಜ್ಜಲು ಕುಳಿತೆ. ಬಾಲು ತಿರುಗಿಸುವ ಸ್ಪಿನ್ನರ್ ಯಂತ್ರ ಇಲ್ಲ. ಅಮ್ಮನ ಹತ್ತಿರ ಸಿಂಬಿ ಇಸಕೊಂಡು, ಮಾಳಿಗೆ ಮೇಲೆ ಅದರಲ್ಲಿ ಬಾಲು ಕೂರಿಸಿದೆ. ಕೊಡ ಅಲುಗದಂತೆ ಹಿಡಿಯುವ ಸಿಂಬಿ ಬಾಲನ್ನೂ ಹಿಡಿಯಿತು. ಡೆಂಟಿಂಗ್-ಪೇಂಟಿಂಗ್‌ನವರು ಬಳಸುವ 500ರ ವಾಟರ್ ಪೇಪರ್ (ಸಂಖ್ಯೆ ಹೆಚ್ಚಿದಷ್ಟೂ ಪೇಪರ್ ನಯ), ಒಂದು ಬಕೆಟ್ ನೀರು. ಸೀಸದ ಕಡ್ಡಿಯಲ್ಲಿ ಆರು ಬದಿ ಗುರುತು ಮಾಡಿಕೊಂಡು, ಒಂದೊಂದು ಬದಿಗೂ ಅಷ್ಟೇ ಹೊತ್ತು, ಅಷ್ಟೇ ಒತ್ತು. ಎರಡನೇ ಬದಿಗೆ ಬರುವಷ್ಟರಲ್ಲಿ ಸಿಂಬಿಯಿಂದ ನೀಲಿ ಕೆಸರು ಇಳಿಯತೊಡಗಿತು, ಥೇಟ್ ನಮ್ಮ ವಾಷಿಂಗ್ ಯೂನಿಟ್ಟಿನ ಮೋರಿ ನೀರು. "ಚಲೋ ಇದ್ದದ್ದನ್ನ ಕೆರದು ಹಾಳ ಮಾಡಾಕತ್ತೀ ನೋಡು" ಅಂದರು ಅಮ್ಮ.

500ರ ಮೈ ಬೆಂಗಳೂರಿನಲ್ಲಿ ಹೇಗಿತ್ತು? ಬೆಳಿಗ್ಗೆ ಹೊಸ ಎಣ್ಣೆ ಬಿದ್ದಾಗಲೇ ಆಡಿದೆ. ಬಾಲು ಅರ್ಧ ದಾರಿಗೇ ಕಚ್ಚಿ ತಿರುಗಲು ಶುರು. ದಿಕ್ಕು ಮಾತ್ರ ಪ್ರತಿ ಸಲವೂ ಒಂದೇ, ಅದು ಹಿಡಿಸಿತು. ಆದರೆ ಪಿನ್ನಿನ ಹತ್ತಿರ ಬರುವಷ್ಟರಲ್ಲಿ ದಮ್ಮು ಮುಗಿದಿರುತ್ತಿತ್ತು. ಪಾಕೆಟ್‌ಗೆ, ಅಂದರೆ ಒಂದನೇ ಮತ್ತು ಮೂರನೇ ಪಿನ್ನಿನ ನಡುವೆ, ಸರಿಯಾಗಿ ಬಿದ್ದರೂ ಬಲ ಮೂಲೆಯ ಹತ್ತನೇ ಪಿನ್ನು ಅಲ್ಲಾಡದು. ಆರನೇ ಪಿನ್ನು ಅದಕ್ಕೆ ಬಡಿಯದೆ, ಸುಸ್ತಾದವನಂತೆ ಪಕ್ಕದ ಗಟರಿನಲ್ಲಿ ಮಲಗುತ್ತಿತ್ತು. ಒಂದೇ ಗೇಮಿನಲ್ಲಿ ಐದು ಸಲ ಹೀಗಾಯಿತು. ಎಣ್ಣೆ ಬಹಳ ಇದ್ದರೆ 500 ಬೇಕಾದೀತು. ಮಾಮೂಲಿ ಲೇನಿಗೆ ಇದು ಅತಿಯಾಯಿತು.

ಮುಂದಿನ ಸಲ ಅದೇ 500ರ ಮೇಲೆ 2000ದ ಸ್ಪಂಜಿನ ಪ್ಯಾಡ್ ಆಡಿಸಿದೆ, ನೀರಿನಲ್ಲೇ. ಪೇಪರಿನ ಗೀರು ಆಳ, ಉಗುರಿಗೆ ಸಿಗುತ್ತದೆ. ಸ್ಪಂಜು ದುಂಡಗಿನ ಮೈಗೆ ಒಗ್ಗಿಕೊಂಡು ಒತ್ತಡ ಹಂಚುತ್ತದೆ. ಹೊಳಪಿಲ್ಲ, ಒರಟೂ ಅಲ್ಲ, ಗಾಜಿನ ಮೇಲೆ ಉಸಿರು ಬಿಟ್ಟಂಥ ಮಬ್ಬು. ಎಸೆದ ಮೊದಲ ಗೇಮಿನಲ್ಲೇ ವ್ಯತ್ಯಾಸ ತಿಳಿಯಿತು. ಜಾರುವುದು, ಕಚ್ಚುವುದು, ಉರುಳುವುದು ಒಂದಾದ ಮೇಲೊಂದು ಆತುರವಿಲ್ಲದೆ ಬಂತು. ನನ್ನ ಕೈ ಒಂದೆರಡು ಹಲಗೆ ತಪ್ಪಿದರೂ ಬಾಲು ಪಾಕೆಟ್ ಹತ್ತಿರವೇ ಬಂತು. ಪಾಲಿಶ್‌ನಷ್ಟು ಸಿಡಿಲಿನ ಹೊಡೆತ ಇಲ್ಲ, ಒಪ್ಪಿದೆ. ಆದರೆ ಉಳಿಯುತ್ತಿದ್ದದ್ದು ಒಂದೇ ಪಿನ್ನು. ಅದಕ್ಕೆ ನೆಟ್ಟಗೆ ಹೋಗುವ ಪ್ಲಾಸ್ಟಿಕ್ ಬಾಲಿದೆಯಲ್ಲ.

ನಡುವೆ ಕಾರಿಗೆ ಹಚ್ಚುವ ಪಾಲಿಶನ್ನೂ ನೋಡಿದೆ. ದುರ್ಬುದ್ಧಿ. ಮೇಣ ಇರುವಂಥದ್ದು ಮೈಯ ಸೂಕ್ಷ್ಮ ರಂಧ್ರ ತುಂಬಿ, ಬಾಲು ಸೋಪಿನಂತೆ ಜಾರಿಹೋಯಿತು. ಅದನ್ನು ಕಿತ್ತುಹಾಕಲು ಮತ್ತೆ 500ರಿಂದಲೇ ಶುರು ಮಾಡಬೇಕಾಯಿತು. ಪಾಲಿಶ್ ಬೇಕೆಂದರೆ ಬಾಲಿಗೆಂದೇ ಮಾಡಿದ್ದನ್ನು ತರಿಸಿ. 2000ದ ಮೇಲೆ ಅದನ್ನು ತೆಳುವಾಗಿ ಹಚ್ಚಿದರೆ ಫ್ಯಾಕ್ಟರಿ ಹೊಳಪಿನ ಗುಣ ಸುಮಾರಾಗಿ ವಾಪಸ್ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಲೇನಿನ ಎಣ್ಣೆ ಸವೆದು, ಬಾಲು ಬೇಗ ತಿರುಗತೊಡಗಿದಾಗ ಅದು ಕೆಲಸಕ್ಕೆ ಬರುವುದನ್ನು ನೋಡಿದ್ದೇನೆ.

ನನ್ನ ಆಯ್ಕೆ 2000. ಒಂದು ತೊಂದರೆ: ಅದು ಹಾಗೇ ಉಳಿಯುವುದಿಲ್ಲ. ಬಾಲು ಉರುಳುವ ಪಟ್ಟಿಯನ್ನು ಲೇನೇ ತೀಡುತ್ತದೆ. ಹತ್ತು ಹನ್ನೆರಡು ಗೇಮಿಗೆ ಅಲ್ಲಿ ಬೆರಳಾಡಿಸಿದರೆ ನುಣುಪು ಸಿಗುತ್ತದೆ, ಮತ್ತೆ ಪ್ಯಾಡು ಹಿಡಿಯಬೇಕು. ಟೂರ್ನಿ ಆಡುವವರು ಆಟ ಶುರುವಾಗುವ ಮೊದಲೇ ಉಜ್ಜಿಕೊಳ್ಳಿ, ಸ್ಪರ್ಧೆಯ ನಡುವೆ ಮೈ ಬದಲಿಸಲು ನಿಯಮ ಬಿಡುವುದಿಲ್ಲ.

ಇನ್ನೊಂದು, ನಮ್ಮ ಕಡೆಯವರಿಗೆ. ಏಪ್ರಿಲ್‌ನಲ್ಲಿ ಉಜ್ಜಿದ ಬಾಲನ್ನು ಒಣಗಲೆಂದು ಬಿಸಿಲಲ್ಲಿ ಬಿಟ್ಟು ಊಟಕ್ಕೆ ಇಳಿದಿದ್ದೆ. ವಾಪಸ್ ಬಂದಾಗ ಮೈತುಂಬ ಎಣ್ಣೆ ಹನಿ, ಬೆವರಿದಂತೆ. ಕುಡಿದಿದ್ದ ಲೇನಿನ ಎಣ್ಣೆ ಹೊರಬಂದಿದ್ದು ಒಳ್ಳೆಯದೇ, ಆದರೆ ಇಂಥ ಕಾವಿಗೆ ಬಾಲು ಬಿರುಕು ಬಿಡಬಹುದು. ಕಾರಿನ ಡಿಕ್ಕಿಯಂತೂ ಬೇಡವೇ ಬೇಡ. ಈಗ ಅದು ಅಡುಗೆಮನೆಯ ತಂಪಿನಲ್ಲಿ, ಅಕ್ಕಿ ಡಬ್ಬಿಯ ಪಕ್ಕ, ಅದೇ ಸಿಂಬಿಯ ಮೇಲಿದೆ. ಅಮ್ಮ ಬೇರೆ ಸಿಂಬಿ ಸುತ್ತಿಕೊಂಡಿದ್ದಾರೆ.