ಮನೆಗೇ ಬರುವ ಥೈರಾಯ್ಡ್ ಪ್ಯಾಕೇಜ್: ಸೂಜಿಗೆ ಮೆಚ್ಚುಗೆ, ವರದಿಗೆ ತಕರಾರು

ಮೊಬೈಲ್‌ನಲ್ಲಿ ಬುಕ್ ಮಾಡಿದರೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಕಂಪನಿಯೊಂದರ ಥೈರಾಯ್ಡ್ ಪ್ಯಾಕೇಜನ್ನು ನಾನು ಮತ್ತು ನನ್ನ ಓರಗಿತ್ತಿ ಕೆಲವು ಕಾಲದಿಂದ ಬಳಸುತ್ತಿದ್ದೇವೆ. ಇಬ್ಬರಿಗೂ ಥೈರಾಯ್ಡ್ ಕಡಿಮೆ. ನನ್ನದು ಥೈರೋನಾರ್ಮ್ 75, ಅವಳದು ಎಲ್ಟ್ರಾಕ್ಸಿನ್ 50. ಹೆಸರು ಬೇರೆಯಾದರೂ ಎರಡು ಮಾತ್ರೆಗಳಲ್ಲೂ ಇರುವುದು ಲೆವೊಥೈರಾಕ್ಸಿನ್ ಒಂದೇ, ಅಂದರೆ ಕೊರತೆ ತುಂಬುವ ಥೈರಾಯ್ಡ್ ಹಾರ್ಮೋನ್. ನಾವಿರುವುದು ತುಮಕೂರಿನ ಅಶೋಕನಗರದಲ್ಲಿ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಅಂಕಿಗಳನ್ನು ಕಂಡರೆ ಸುಮ್ಮನೆ ದಾಟಿ ಹೋಗುವ ಸ್ವಭಾವ ನನ್ನದಲ್ಲ, ಹಾಗಾಗಿ ಈ ವಿಮರ್ಶೆ ಸ್ವಲ್ಪ ಉದ್ದವಾಗಿದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಯಾವ ಕಂಪನಿಯಲ್ಲಿ ಬುಕ್ ಮಾಡುವವರಿಗೂ ಇಲ್ಲಿ ಹೇಳುವ ವಿಷಯ ಬೇಕಾದದ್ದೇ.

ಮೊದಲು ಮೆಚ್ಚಬೇಕಾದದ್ದನ್ನು ಮೆಚ್ಚುತ್ತೇನೆ. ಬೆಳಗ್ಗೆ ಆರೂವರೆ ಎಂದರೆ ಆರೂವರೆಗೆ ಗೇಟಿನ ಮುಂದೆ ಬೈಕ್ ನಿಂತಿರುತ್ತದೆ. ಬರುವ ಹುಡುಗ ಕೈ ತೊಳೆದು, ಹೊಸ ಗ್ಲೌಸ್ ಹಾಕಿಕೊಂಡು, ಸೂಜಿಯ ಪೊಟ್ಟಣವನ್ನು ನಮ್ಮ ಕಣ್ಣೆದುರೇ ಬಿಚ್ಚುತ್ತಾನೆ. ನನ್ನ ನರ ಸುಲಭವಾಗಿ ಸಿಗುವುದಿಲ್ಲ. "ಅಮ್ಮ, ಒಂದು ಲೋಟ ನೀರು ಕುಡಿದು ಬನ್ನಿ, ಅವಸರವಿಲ್ಲ" ಎಂದು ಕಾದು, ಒಂದೇ ಸಲಕ್ಕೆ ಚುಚ್ಚಿ ರಕ್ತ ತೆಗೆಯುತ್ತಾನೆ. ಟ್ಯೂಬುಗಳ ಮೇಲೆ ಬಾರ್‌ಕೋಡ್ ಅಂಟಿಸಿ ಹೆಸರು, ವಯಸ್ಸು ಓದಿ ಹೇಳುತ್ತಾನೆ. ಸಂಜೆಯೊಳಗೆ ವರದಿ ಮೊಬೈಲ್‌ಗೆ ಬರುತ್ತದೆ. ವರದಿಯ ಮೇಲೆ ಲ್ಯಾಬುಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನ ಗುರುತು ಇದೆ. ಅದಿಲ್ಲದ ಲ್ಯಾಬಿಗೆ ನಾನು ರಕ್ತ ಕೊಡುವುದಿಲ್ಲ. ಮನೆಯಲ್ಲಿ ಓಡಾಡಲಾಗದ ಹಿರಿಯರಿದ್ದರೆ ಈ ಸೇವೆ ನಿಜಕ್ಕೂ ದೊಡ್ಡ ಉಪಕಾರ. ಈ ಭಾಗಕ್ಕೆ ಐದಕ್ಕೆ ಐದು ಕೊಡುತ್ತೇನೆ.

ತಕರಾರು ಶುರುವಾಗುವುದು ರಕ್ತ ತೆಗೆಯುವುದಕ್ಕೂ ಮೊದಲು. ಬುಕ್ ಮಾಡಿದ ಕೂಡಲೇ "ಹತ್ತರಿಂದ ಹನ್ನೆರಡು ಗಂಟೆ ಖಾಲಿ ಹೊಟ್ಟೆಯಲ್ಲಿರಿ" ಎಂಬ ಸಂದೇಶ ಬರುತ್ತದೆ. ಅದು ಸಕ್ಕರೆ ಮತ್ತು ಕೊಬ್ಬಿನ ಪರೀಕ್ಷೆಗಾಗಿ. ಥೈರಾಯ್ಡ್ ಪರೀಕ್ಷೆಗೆ ಉಪವಾಸ ಕಡ್ಡಾಯವಲ್ಲ. ಥೈರಾಯ್ಡ್ ರೋಗಿಗೆ ನಿಜವಾಗಿ ಹೇಳಬೇಕಾದದ್ದನ್ನು ಯಾರೂ ಹೇಳುವುದಿಲ್ಲ: ಆ ದಿನದ ಮಾತ್ರೆಯನ್ನು ರಕ್ತ ಕೊಟ್ಟ ನಂತರ ನುಂಗಿ. ಮಾತ್ರೆ ನುಂಗಿದ ಎರಡರಿಂದ ನಾಲ್ಕು ಗಂಟೆಯೊಳಗೆ ರಕ್ತದಲ್ಲಿ ಫ್ರೀ ಟಿ4 ಎಂಬ ಥೈರಾಯ್ಡ್ ಹಾರ್ಮೋನ್ ಏರಿ, ಮತ್ತೆ ಇಳಿಯುತ್ತದೆ. ಆ ಏರಿಕೆಯ ಹೊತ್ತಿನಲ್ಲಿ ರಕ್ತ ಕೊಟ್ಟರೆ ವರದಿಯಲ್ಲಿ ಕಾಣುವುದು ಆ ಬೆಳಗಿನ ಮಾತ್ರೆ, ನಿಮ್ಮ ನಿತ್ಯದ ಸ್ಥಿತಿಯಲ್ಲ. ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಾದ ಟಿಎಸ್‌ಎಚ್ ಅಷ್ಟು ಬೇಗ ಅಲುಗುವುದಿಲ್ಲ, ಆದರೆ ಅದಕ್ಕೂ ದಿನದ ಏರಿಳಿತವಿದೆ: ರಾತ್ರಿ ಮತ್ತು ನಸುಕಿನಲ್ಲಿ ಹೆಚ್ಚು, ಮಧ್ಯಾಹ್ನ ಕಡಿಮೆ. ಒಮ್ಮೆ ಬೆಳಗ್ಗೆ ಏಳಕ್ಕೆ, ಇನ್ನೊಮ್ಮೆ ಮಧ್ಯಾಹ್ನ ಮೂರಕ್ಕೆ ಕೊಟ್ಟ ರಕ್ತದ ಅಂಕಿಗಳನ್ನು ಹೋಲಿಸಿ "ಏರಿತು, ಇಳಿಯಿತು" ಎಂದು ಚಿಂತಿಸುವುದರಲ್ಲಿ ಅರ್ಥವಿಲ್ಲ. ಪ್ರತಿ ಸಲವೂ ಒಂದೇ ಹೊತ್ತಿಗೆ, ಸಾಧ್ಯವಾದರೆ ಒಂದೇ ಲ್ಯಾಬಿಗೆ ಕೊಡಬೇಕು.

ಇದಕ್ಕಿಂತ ದೊಡ್ಡ ಲೋಪ ಓರಗಿತ್ತಿಯ ವರದಿಯಲ್ಲಿ ಬಯಲಾಯಿತು.

ಅವಳ ಟಿಎಸ್‌ಎಚ್ 0.08 ಎಂದು ತೀರಾ ಕಡಿಮೆ ಬಂದಿತ್ತು, ಫ್ರೀ ಟಿ4 2.6. ಲ್ಯಾಬಿನ ಮಿತಿಯಲ್ಲಿ ಫ್ರೀ ಟಿ4 1.7 ದಾಟಬಾರದು. ಟಿಎಸ್‌ಎಚ್ ಎಂಬುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳುಹಿಸುವ ಆದೇಶ. ರಕ್ತದಲ್ಲಿ ಹಾರ್ಮೋನ್ ಕಡಿಮೆಯಾದರೆ ಆದೇಶ ಜೋರಾಗುತ್ತದೆ, ಹೆಚ್ಚಾದರೆ ತಣ್ಣಗಾಗುತ್ತದೆ. ಹಾಗಾಗಿ ಈ ಎರಡು ಅಂಕಿಗಳನ್ನು ಜೊತೆಯಾಗಿ ಓದಿದರೆ, ಮಾತ್ರೆಯ ಪ್ರಮಾಣ ವಿಪರೀತ ಹೆಚ್ಚಾಗಿದೆ ಎಂದೇ ಅರ್ಥ. ಎರಡರ ಮುಂದೆಯೂ ಕೆಂಪು ಬಾಣ. ಮರುದಿನ ಕಂಪನಿಯ ಸಲಹೆಗಾರರು ತಾವಾಗಿಯೇ ಫೋನ್ ಮಾಡಿ, "ಹಾರ್ಮೋನ್ ಜಾಸ್ತಿಯಾಗಿದೆ ಮೇಡಂ, ಮಾತ್ರೆಯನ್ನು ಅರ್ಧ ಮಾಡಿ" ಎಂದು ಹೇಳಿದರು. ನಾಡಿ ನೋಡಿಲ್ಲ, ಮುಖ ನೋಡಿಲ್ಲ, ಬೇರೆ ಏನು ನುಂಗುತ್ತೀರಿ ಎಂದು ಕೇಳಿಲ್ಲ. ವೈದ್ಯರಲ್ಲದವರು ಫೋನಿನಲ್ಲಿ ಮಾತ್ರೆಯ ಪ್ರಮಾಣ ಬದಲಾಯಿಸುವುದನ್ನು ನಾನು ಒಪ್ಪುವುದಿಲ್ಲ. ಇದು ಚಿಕ್ಕ ತಪ್ಪಲ್ಲ.

ನಾವು ನಮ್ಮ ಫಿಸಿಷಿಯನ್ ಬಳಿಗೆ ಹೋದೆವು. ಅವರು ವರದಿಯನ್ನು ಪಕ್ಕಕ್ಕಿಟ್ಟು ಮೊದಲು ಅವಳ ನಾಡಿ ಹಿಡಿದರು. ನಿಮಿಷಕ್ಕೆ 68. ಎರಡೂ ಕೈ ಮುಂದೆ ಚಾಚಿಸಿ, ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಇಟ್ಟರು. ಹಾರ್ಮೋನ್ ಹೆಚ್ಚಾದವರ ಬೆರಳು ನಡುಗುತ್ತದೆ. ಕಣ್ಣಿಗೆ ಕಾಣದ ನಡುಕವೂ ಹಾಳೆಯ ಅಂಚಿನಲ್ಲಿ ಕಾಣುತ್ತದೆ. ಹಾಳೆ ಅಲುಗಲಿಲ್ಲ. ತೂಕ ಇಳಿದಿಲ್ಲ, ಎದೆ ಬಡಿತ ಏರಿಲ್ಲ, ಸೆಖೆ ಇಲ್ಲ, ಭೇದಿಯ ಬದಲು ಮಲಬದ್ಧತೆ. "ಕೂದಲಿಗೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ತಾಯಿ?" ಎಂದು ಕೇಳಿದರು. ಅವಳು ಚೀಲದಿಂದ ಡಬ್ಬಿ ತೆಗೆದು ತೋರಿಸಿದಳು. ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್, ಒಂದು ಮಾತ್ರೆಯಲ್ಲಿ 10,000 ಮೈಕ್ರೊಗ್ರಾಂ. ದೊಡ್ಡವರಿಗೆ ದಿನಕ್ಕೆ ಸಾಕಾಗುವುದು 30 ಮೈಕ್ರೊಗ್ರಾಂ. ಭಾಗಿಸಿ ನೋಡಿ, ಮುನ್ನೂರು ಪಟ್ಟು ಮೀರುತ್ತದೆ.

ವೈದ್ಯರು ವಿವರಿಸಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. ಅನೇಕ ಲ್ಯಾಬ್ ಯಂತ್ರಗಳು ಹಾರ್ಮೋನನ್ನು ಹಿಡಿದು ಅಳೆಯಲು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಜೋಡಿಯನ್ನು ಬಳಸುತ್ತವೆ. ಅವೆರಡೂ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಳ್ಳುತ್ತವೆ. ನಮ್ಮ ರಕ್ತದಲ್ಲಿಯೇ ಬಯೋಟಿನ್ ತುಂಬಿದ್ದರೆ, ಯಂತ್ರದ ಸ್ಟ್ರೆಪ್ಟಾವಿಡಿನ್‌ನ ಜಾಗವನ್ನು ಅದು ಮೊದಲೇ ಆಕ್ರಮಿಸಿಬಿಡುತ್ತದೆ, ಯಂತ್ರಕ್ಕೆ ಸಿಗುವ ಸಂಕೇತ ಕ್ಷೀಣಿಸುತ್ತದೆ. ಟಿಎಸ್‌ಎಚ್ ಅಳೆಯುವ ಕ್ರಮದಲ್ಲಿ ಸಂಕೇತ ಕಡಿಮೆಯಾದರೆ ಅಂಕಿಯೂ ಕಡಿಮೆ. ಫ್ರೀ ಟಿ4 ಅಳೆಯುವ ಕ್ರಮ ಇದಕ್ಕೆ ತಿರುಗುಮುರುಗು, ಅಲ್ಲಿ ಸಂಕೇತ ಕಡಿಮೆಯಾದರೆ ಅಂಕಿ ಹೆಚ್ಚು. ಆದ್ದರಿಂದಲೇ ಎರಡು ತಪ್ಪುಗಳು ಒಂದಕ್ಕೊಂದು ಹೊಂದಿಕೊಂಡು, ಸತ್ಯದಂತೆ ಕಾಣುವ ವರದಿ ಸಿದ್ಧವಾಗುತ್ತದೆ. ಬಯೋಟಿನ್ ಹೀಗೆ ರಕ್ತ ಪರೀಕ್ಷೆಗಳ ದಾರಿ ತಪ್ಪಿಸುತ್ತದೆ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಿ ಎಂಬುದು ಅಮೆರಿಕನ್ ಥೈರಾಯ್ಡ್ ಅಸೋಸಿಯೇಶನ್‌ನ ಸಲಹೆ. ಎಲ್ಲ ಯಂತ್ರಗಳಲ್ಲೂ ಹೀಗಾಗುವುದಿಲ್ಲ, ಆದರೆ ನಿಮ್ಮ ರಕ್ತ ಯಾವ ಯಂತ್ರಕ್ಕೆ ಹೋಗುತ್ತದೆ ಎಂದು ನಿಮಗೆ ಗೊತ್ತಿರುವುದಿಲ್ಲವಲ್ಲ.

ಅವಳು ಮೂರು ದಿನ ಆ ಮಾತ್ರೆ ಬಿಟ್ಟು ಮತ್ತೆ ರಕ್ತ ಕೊಟ್ಟಳು. ಟಿಎಸ್‌ಎಚ್ 2.4, ಫ್ರೀ ಟಿ4 1.2, ಎರಡೂ ಮಿತಿಯೊಳಗೆ. ಎಲ್ಟ್ರಾಕ್ಸಿನ್ 50 ಹಾಗೆಯೇ ಮುಂದುವರಿಯಿತು. ಕೂದಲು ಉದುರುವುದು ಥೈರಾಯ್ಡ್ ಕಡಿಮೆಯಾದವರ ಸಾಮಾನ್ಯ ದೂರು. ಅಂದರೆ ಥೈರಾಯ್ಡ್ ಪರೀಕ್ಷೆ ಮಾಡಿಸುವವರೇ ಬಯೋಟಿನ್ ಕೊಳ್ಳುವವರೂ ಹೌದು. ಇಂಥವರಿಗಾಗಿಯೇ ಪ್ಯಾಕೇಜ್ ಮಾರುವ ಕಂಪನಿಗೆ "ಕೂದಲಿನ ಮಾತ್ರೆ ತೆಗೆದುಕೊಳ್ಳುತ್ತೀರಾ?" ಎಂಬ ಒಂದು ಸಾಲಿನ ಪ್ರಶ್ನೆ ಕೇಳಲಾಗದೇ?

ಇನ್ನು ನನ್ನ ವರದಿ. 1,299 ರೂಪಾಯಿಯ ಪ್ಯಾಕೇಜಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಪರೀಕ್ಷೆಗಳು ಎಂದು ಜಾಹೀರಾತು. ಕುಳಿತು ಎಣಿಸಿದರೆ ರಕ್ತಕಣಗಳ ಎಣಿಕೆಯೊಂದೇ ಇಪ್ಪತ್ತಕ್ಕೂ ಮಿಕ್ಕಿ ಸಾಲುಗಳಾಗಿ ಹರಡಿದೆ. ಎರಡು ಅಂಕಿಗಳನ್ನು ಭಾಗಿಸಿ ಪಡೆದ ಅನುಪಾತಗಳನ್ನೂ ಒಂದೊಂದು ಪರೀಕ್ಷೆಯೆಂದು ಲೆಕ್ಕ ಹಿಡಿದಿದ್ದಾರೆ. ಭಾಗಾಕಾರಕ್ಕೆ ರಕ್ತ ಬೇಕಾಗಿಲ್ಲ. ಲಿಂಫೊಸೈಟ್ ಎಂಬ ಬಿಳಿ ರಕ್ತಕಣ ಶೇಕಡಾ 41 ಇದ್ದುದಕ್ಕೆ ಕೆಂಪು ಗುರುತು ಬಿತ್ತು, ನನ್ನ ವೈದ್ಯರು ಅದರತ್ತ ಕಣ್ಣು ಕೂಡ ಹಾಯಿಸಲಿಲ್ಲ. ಅವರು ಬೆರಳಿಟ್ಟಿದ್ದು ಹಸಿರಾಗಿದ್ದ ಒಂದು ಸಾಲಿನ ಮೇಲೆ: ಫೆರಿಟಿನ್ 14. ಲ್ಯಾಬಿನ ಮಿತಿ 13ರಿಂದ 150 ಎಂದಿದ್ದುದರಿಂದ ಯಂತ್ರಕ್ಕೆ ಅದು ಸರಿ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 15ಕ್ಕಿಂತ ಕೆಳಗೆ ಇಳಿದರೆ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿದೆ ಎಂದರ್ಥ. ಟಿಎಸ್‌ಎಚ್ 3.1 ಎಂದು ಮಿತಿಯೊಳಗೇ ಇದ್ದರೂ ಮೂರನೇ ಪೀರಿಯಡ್ ಮುಗಿಯುವಷ್ಟರಲ್ಲಿ ಕುರ್ಚಿ ಹುಡುಕುವಂತೆ ಮಾಡುತ್ತಿದ್ದ ಸುಸ್ತಿಗೆ ಕಾರಣ ಅಲ್ಲಿತ್ತು. ಥೈರಾಯ್ಡ್ ಇರುವವರು ಎಲ್ಲ ಸುಸ್ತನ್ನೂ ಥೈರಾಯ್ಡಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ. ನಮ್ಮಂಥ ಸಸ್ಯಾಹಾರಿಗಳಲ್ಲಿ ಬಿ12 ಕೂಡ ಬೇಗ ಕೆಳಗಿಳಿಯುತ್ತದೆ. ಪ್ಯಾಕೇಜಿನಲ್ಲಿ ಫೆರಿಟಿನ್, ಬಿ12 ಎರಡೂ ಇರುವುದು ನಿಜವಾದ ಉಪಯೋಗ, ಆ ಶ್ರೇಯ ಕೊಡಲೇಬೇಕು.

ಆಂಟಿ ಟಿಪಿಒ ವಿಷಯ ಬೇರೆ. ನಮ್ಮದೇ ರೋಗನಿರೋಧಕ ಶಕ್ತಿ ಥೈರಾಯ್ಡ್ ಮೇಲೆ ತಿರುಗಿಬಿದ್ದಿದೆಯೇ ಎಂದು ಅದು ಹೇಳುತ್ತದೆ. ಜಪಾನಿನ ವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ವಿವರಿಸಿದ ಕಾಯಿಲೆ ಅದು. ಒಮ್ಮೆ ಗೊತ್ತಾದರೆ ಸಾಕು. ಅದರ ಅಂಕಿ ನೋಡಿ ಮಾತ್ರೆಯ ಪ್ರಮಾಣ ನಿರ್ಧರಿಸುವುದಿಲ್ಲ. ಆದರೂ ಪ್ರತಿ ಮೂರು ತಿಂಗಳಿಗೊಮ್ಮೆ ಇದನ್ನೂ ಸೇರಿಸಿದ ಚಂದಾ ಯೋಜನೆ ತೋರಿಸುತ್ತಾರೆ. ಬೇಡ. ಪ್ರಮಾಣ ಬದಲಾದಾಗ ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ನೋಡಬೇಕು, ಏಕೆಂದರೆ ಟಿ4 ಅರ್ಧಕ್ಕೆ ಇಳಿಯಲು ಒಂದು ವಾರ ಹಿಡಿಯುತ್ತದೆ. ಹೊಸ ಪ್ರಮಾಣ ನೆಲೆ ನಿಲ್ಲುವುದಕ್ಕೆ ಅಷ್ಟು ಕಾಲ ಬೇಕು. ಸ್ಥಿರವಾದ ಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ನೋಡಿದರೆ ನಡೆಯುತ್ತದೆ. ಗರ್ಭಿಣಿಯರ ಲೆಕ್ಕವೇ ಬೇರೆ. ಅವರಿಗೆ ಹಾರ್ಮೋನಿನ ಅಗತ್ಯ ಏರುತ್ತದೆ, ತಡಮಾಡದೆ ವೈದ್ಯರ ಬಳಿ ಹೋಗಬೇಕು.

ವರದಿಯ ಕೊನೆಯ ಪುಟದಲ್ಲಿ "ನಿಮಗಾಗಿ" ಎಂದು ಥೈರಾಯ್ಡ್ ಬೆಂಬಲದ ಕ್ಯಾಪ್ಸೂಲ್ ಒಂದರ ಚಿತ್ರ, ರಿಯಾಯಿತಿ ದರ. ಹಿಂಬದಿಯ ಚೀಟಿ ಓದಿದೆ: ಕೆಲ್ಪ್ ಎಂಬ ಸಮುದ್ರಪಾಚಿ, ಸೆಲೆನಿಯಂ, ಅಶ್ವಗಂಧ, ಸತು. ಕೆಲ್ಪ್ ಎಂದರೆ ಅಯೋಡಿನ್. ಚಿಕ್ಕಮಗಳೂರು ಕಡೆಯ ನನ್ನ ಅಜ್ಜಿಗೆ ಕತ್ತಿನಲ್ಲಿ ಗಳಗಂಡವಿತ್ತು. ಆ ಕಾಲದ ಮಲೆನಾಡಿನಲ್ಲಿ ಅಯೋಡಿನ್ ಕೊರತೆ ನಿಜವಾದ ಸಮಸ್ಯೆಯಾಗಿತ್ತು. ಸರ್ಕಾರ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು, ಉಪ್ಪಿಗೆ ಅಯೋಡಿನ್ ಸೇರಿತು, ಈಗ ಅಂಗಡಿಯ ಅಯೋಡಿನ್ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 15 ಭಾಗ) ಅಯೋಡಿನ್ ಇರಬೇಕೆಂಬ ನಿಯಮವಿದೆ. ದಿನಕ್ಕೆ ಬೇಕಾದ 150 ಮೈಕ್ರೊಗ್ರಾಂ ಅಯೋಡಿನ್ ಉಪ್ಪು, ಹಾಲು, ಮೊಸರಿನಿಂದಲೇ ಬಹುಮಟ್ಟಿಗೆ ಒದಗುತ್ತದೆ. ಹಾಶಿಮೊಟೊ ಇರುವವರಿಗೆ ಅದರ ಮೇಲೆ ಮತ್ತಷ್ಟು ಅಯೋಡಿನ್ ಸುರಿದರೆ ಗ್ರಂಥಿಯ ಕೆಲಸ ಇನ್ನೂ ಕುಗ್ಗಬಹುದು. ಸೆಲೆನಿಯಂ ಆಂಟಿ ಟಿಪಿಒದಂಥ ಪ್ರತಿಕಾಯಗಳ ಅಂಕಿಯನ್ನು ಇಳಿಸಿದ ಅಧ್ಯಯನಗಳಿವೆ, ಆದರೆ ರೋಗಿಗೆ ಗೆಲುವು ಬಂದಿತೇ ಎಂದರೆ ಸ್ಪಷ್ಟ ಪುರಾವೆ ಸಿಕ್ಕಿಲ್ಲ. ಅಶ್ವಗಂಧ ಹಾರ್ಮೋನಿನ ಮಟ್ಟವನ್ನು ಏರಿಸಬಲ್ಲದು, ಲೆವೊಥೈರಾಕ್ಸಿನ್ ನುಂಗುವವರು ವೈದ್ಯರಿಗೆ ಹೇಳದೆ ಅದನ್ನು ಮುಟ್ಟಬಾರದು. ನನ್ನ ವರದಿಯಲ್ಲಿ ಇವುಗಳಲ್ಲಿ ಯಾವುದರ ಕೊರತೆಯನ್ನೂ ಅಳೆದಿಲ್ಲ. ಅಳೆಯದ ಕೊರತೆಗೆ ಔಷಧ ಮಾರುವುದು ನನಗೆ ಸಿಟ್ಟು ತರಿಸುತ್ತದೆ. ಪರೀಕ್ಷೆ ಮಾಡುವವರೇ ಮಾತ್ರೆ ಮಾರತೊಡಗಿದರೆ ಕೆಂಪು ಗುರುತುಗಳನ್ನು ನಂಬುವುದು ಹೇಗೆ?

ವೈದ್ಯರು ಕೊಟ್ಟದ್ದು ಕಬ್ಬಿಣದ ಮಾತ್ರೆ, ಅದರ ಜೊತೆಗೆ ಗಡಿಯಾರ. ಕಬ್ಬಿಣವಾಗಲಿ ಕ್ಯಾಲ್ಸಿಯಂ ಆಗಲಿ ಲೆವೊಥೈರಾಕ್ಸಿನ್ ಜೊತೆ ಹೊಟ್ಟೆ ಸೇರಿದರೆ ಅದು ರಕ್ತಕ್ಕೆ ಹೋಗದಂತೆ ಕಟ್ಟಿಹಾಕುತ್ತವೆ, ನಾಲ್ಕು ಗಂಟೆಯ ಅಂತರ ಬೇಕು. ಕಾಫಿಯೂ ಮಾತ್ರೆಯ ಹೀರಿಕೆಯನ್ನು ಕಡಿಮೆ ಮಾಡುತ್ತದೆ. ನನ್ನ ಕ್ರಮ ಹೀಗಿದೆ: ಐದೂವರೆಗೆ ಥೈರೋನಾರ್ಮ್, ಬರೀ ನೀರಿನಲ್ಲಿ. ಆರೂವರೆಗೆ ಫಿಲ್ಟರ್ ಕಾಫಿ. ಕಬ್ಬಿಣದ ಮಾತ್ರೆ ಮಧ್ಯಾಹ್ನ, ಶಾಲೆಯಲ್ಲಿ ಊಟವಾದ ಮೇಲೆ, ಆಗ ಟೀ ಇಲ್ಲ. ಅತ್ತೆಯವರಿಗೆ ಕ್ಯಾಲ್ಸಿಯಂ ರಾತ್ರಿ. ಬೆಳಗ್ಗೆ ಈ ಅಂತರ ಹೊಂದಿಸಲಾಗದವರು ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ಥೈರಾಯ್ಡ್ ಮಾತ್ರೆ ನುಂಗಬಹುದೇ ಎಂದು ತಮ್ಮ ವೈದ್ಯರನ್ನು ಕೇಳಬಹುದು. ಈ ಒಂದು ಪ್ಯಾರಾದಷ್ಟು ಮಾಹಿತಿ ಹದಿನಾರು ಪುಟದ ಬಣ್ಣದ ವರದಿಯಲ್ಲಿ ಎಲ್ಲಿಯೂ ಇಲ್ಲ.

ನಮ್ಮ ರಸ್ತೆಯ ತುದಿಯ ಪುಟ್ಟ ಲ್ಯಾಬಿನಲ್ಲಿ ಟಿಎಸ್‌ಎಚ್ ಒಂದನ್ನೇ 250 ರೂಪಾಯಿಗೆ ಮಾಡುತ್ತಾರೆ. ಅಲ್ಲಿ ಕೂರುವ ಹಿರಿಯ ತಂತ್ರಜ್ಞರು ಟ್ಯೂಬ್ ತೆಗೆಯುವ ಮೊದಲು "ಇವತ್ತಿನ ಮಾತ್ರೆ ಆಯಿತೇ? ಬೇರೆ ಏನೇನು ತೆಗೆದುಕೊಳ್ಳುತ್ತೀರಿ?" ಎಂದು ಕೇಳಿ ಚೀಟಿಯ ಮೇಲೆ ಬರೆದುಕೊಳ್ಳುತ್ತಾರೆ. ವರದಿ ಒಂದೇ ಹಾಳೆ, ಕಪ್ಪು ಬಿಳುಪು.

ಒಟ್ಟಿನಲ್ಲಿ ಕಂಪನಿಗೆ ಐದಕ್ಕೆ ಮೂರು. ವರ್ಷಕ್ಕೊಮ್ಮೆ ಎಲ್ಲವನ್ನೂ ನೋಡಿಸಬೇಕಾದಾಗ, ಅತ್ತೆಯವರಿಗೆ ಮನೆಯಲ್ಲೇ ರಕ್ತ ತೆಗೆಸಬೇಕಾದಾಗ ಮತ್ತೆ ಬುಕ್ ಮಾಡುತ್ತೇನೆ. ಆದರೆ ಸಲಹೆಯ ಫೋನ್ ಎತ್ತುವುದಿಲ್ಲ, ಕೊನೆಯ ಪುಟದ ಕ್ಯಾಪ್ಸೂಲ್ ಕೊಳ್ಳುವುದಿಲ್ಲ. ನಡುವಿನ ಟಿಎಸ್‌ಎಚ್‌ಗೆ ರಸ್ತೆ ತುದಿಯ ಲ್ಯಾಬೇ ಸಾಕು. ಬಯೋಟಿನ್ ಮತ್ತು ಬೆಳಗಿನ ಮಾತ್ರೆಯ ಬಗ್ಗೆ ಎರಡು ಪ್ರಶ್ನೆಗಳನ್ನು ಬುಕಿಂಗ್ ನಮೂನೆಯಲ್ಲಿ ಸೇರಿಸಿ ಎಂದು ಕಂಪನಿಗೆ ಪತ್ರ ಬರೆದಿದ್ದೇನೆ. "ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಿದ್ದೇವೆ" ಎಂಬ ಉತ್ತರ ಬಂದಿದೆ. ಆ ಪ್ರಶ್ನೆಗಳು ನಮೂನೆಯಲ್ಲಿ ಕಾಣಿಸಿದರೆ ಇಲ್ಲಿಯ ಮೂರನ್ನು ತಿದ್ದಿ ನಾಲ್ಕು ಮಾಡುತ್ತೇನೆ.