ಹೊಗೆ ನಿಂತಿತೆಂದು ನಂಬಿ ಕೆಟ್ಟೆ

ನಾಲ್ಕು ಸ್ಟ್ರೋಕಿನ ಹಳೆಯ ಬೈಕು ಇಂಜಿನ್ ಆಯಿಲ್ ಕುಡಿಯುತ್ತಿದ್ದರೆ, ದಪ್ಪ ಆಯಿಲ್ ಹಾಕಿಸಿ ನಿಶ್ಚಿಂತರಾಗಬೇಡಿ. ಹಾಗೆ ಮಾಡಿದ ನಾನು ಆಗುಂಬೆ ಘಾಟಿಯ ನಡುವೆ ಹಿಂದಿನ ಚಕ್ರ ಬಿಗಿದು ನಿಂತು ಬೀಳುವುದರಲ್ಲಿದ್ದೆ.

ಗಾಡಿ ನಮ್ಮ ತಂದೆಯವರದು, 2001ರ ಮಾದರಿಯ 100 ಸಿಸಿ ಬೈಕು. ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಬೆಳಗಿನ ಮೊದಲ ಕಿಕ್ಕಿಗೆ ಸೈಲೆನ್ಸರಿನಿಂದ ನೀಲಿ ಛಾಯೆಯ ಹೊಗೆ ಬಂದು ಅರ್ಧ ನಿಮಿಷದಲ್ಲಿ ಇಲ್ಲವಾಗುತ್ತಿತ್ತು. ತಂದೆಯವರು ಅದಕ್ಕೂ ಮೊದಲು ವರ್ಷಗಟ್ಟಲೆ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಓಡಿಸಿದವರಾದ್ದರಿಂದ, "ಗಾಡಿ ಅಂದ್ಮೇಲೆ ಹೊಗೆ ಬರ್ದೇ ಇರುತ್ತೇನೋ" ಎಂದು ನಕ್ಕುಬಿಟ್ಟರು. ಆದರೆ ಯೆಜ್ಡಿ ಎರಡು ಸ್ಟ್ರೋಕಿನದು. ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕುವ ಆ ಇಂಜಿನ್ನು ಆಯಿಲ್ ಸುಡುವುದು ಸಹಜ. ನಾಲ್ಕು ಸ್ಟ್ರೋಕಿನಲ್ಲಿ ಆಯಿಲ್ ಇಂಜಿನ್ನಿನ ಒಳಗೇ ಸುತ್ತುತ್ತಿರಬೇಕೇ ಹೊರತು ಪೆಟ್ರೋಲಿನೊಂದಿಗೆ ಉರಿಯಬಾರದು. ಬೆಳಗ್ಗೆ ಮಾತ್ರ ಕಾಣುವ ನೀಲಿ ಹೊಗೆ ಸಾಮಾನ್ಯವಾಗಿ ಆಯಿಲ್ ಸಿಲಿಂಡರಿಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಗಟ್ಟಿಯಾಗಿ, ನಿಂತ ಗಾಡಿಯಲ್ಲಿ ಆಯಿಲ್ ಒಳಗೆ ಜಿನುಗಿದ್ದರ ಗುರುತು. ಏರು ಹತ್ತುವಾಗ, ಆಕ್ಸಿಲೇಟರ್ ತಿರುವಿದಾಗ ಬಿಡದೆ ಬರುವ ಹೊಗೆ ಪಿಸ್ಟನ್ನಿನ ಸುತ್ತಲಿನ ರಿಂಗು, ಪಿಸ್ಟನ್ ಓಡಾಡುವ ಬೋರು ಸವೆದದ್ದರ ಗುರುತು. ನಮ್ಮ ಗಾಡಿ ಎರಡೇ ತಿಂಗಳಲ್ಲಿ ಮೊದಲನೆಯದರಿಂದ ಎರಡನೆಯದಕ್ಕೆ ಬಂದಿತ್ತು.

ಮೆಕ್ಯಾನಿಕ್ ಒಬ್ಬರು ಇಂಜಿನ್ ಬಿಚ್ಚುವ ಖರ್ಚು ಏಕೆಂದು, ಮಾಮೂಲಿ 20ಡಬ್ಲ್ಯು-40ರ ಬದಲು ಅದಕ್ಕಿಂತ ದಪ್ಪದ 20ಡಬ್ಲ್ಯು-50 ಆಯಿಲ್ ಹಾಕಿಕೊಟ್ಟರು. ಹೊಗೆ ಬಹುಮಟ್ಟಿಗೆ ನಿಂತಿತು. ರೋಗವೇ ಹೋಯಿತೆಂದು ತಿಳಿದು, ಅಲ್ಲಿಯವರೆಗೆ ವಾರಕ್ಕೊಮ್ಮೆ ನೋಡುತ್ತಿದ್ದ, ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ಕನ್ನು ನೋಡುವುದನ್ನೇ ಬಿಟ್ಟೆ. ನನ್ನ ಮಟ್ಟಿಗೆ ನಿಜವಾದ ತಪ್ಪು ಇದೇ. ಇಂಥ ಗಾಡಿಗಳಲ್ಲಿ ಹಿಡಿಯುವ ಆಯಿಲ್ಲೇ ಒಂದು ಲೀಟರಿನೊಳಗೆ, ಅದು ಕಡಿಮೆಯಾದರೆ ಎಚ್ಚರಿಸಲು ಮೀಟರಿನಲ್ಲಿ ದೀಪವೂ ಇಲ್ಲ.

ಸುಮಾರು 1,900 ಕಿ.ಮೀ. ಓಡಿದ ಮೇಲೆ, ಉಡುಪಿಯಿಂದ ತೀರ್ಥಹಳ್ಳಿಗೆ ಮರಳುವಾಗ ಸೋಮೇಶ್ವರ ದಾಟಿ ಘಾಟಿ ಹತ್ತಿದೆ. 14 ಹೇರ್‌ಪಿನ್ ತಿರುವುಗಳಲ್ಲಿ ಅರ್ಧ ಕಳೆದಿರಬೇಕು, ಇಂಜಿನ್ನಿನ ಮೇಲ್ಭಾಗದಿಂದ ಟಕಟಕ ಸದ್ದು ಶುರುವಾಯಿತು, ಗಾಡಿ ಯಾರೋ ಹಿಂದಿನಿಂದ ಎಳೆದಂತೆ ಸೋತಿತು, ನಾನು ಗೇರ್ ಇಳಿಸುವಷ್ಟರಲ್ಲಿ ಹಿಂದಿನ ಚಕ್ರ ಕಿರುಚಿ ನಿಂತುಬಿಟ್ಟಿತು. ಕೈ ತಾನಾಗಿಯೇ ಕ್ಲಚ್ ಹಿಡಿದದ್ದರಿಂದ ಚಕ್ರ ಬಿಡಿಸಿಕೊಂಡಿತು. ಹಿಂದೆ ಬರುತ್ತಿದ್ದ ಬಸ್ಸಿನ ಚಾಲಕರು ದೂರ ಕಾಯ್ದುಕೊಂಡಿದ್ದರು, ಬದುಕಿದೆ. ಡಿಪ್‌ಸ್ಟಿಕ್ ತೆಗೆದು ನೋಡಿದರೆ ತುದಿ ಒಣಗಿತ್ತು. ಆಮೇಲೆ ವರ್ಕ್‌ಶಾಪಿನಲ್ಲಿ ಕೆಳಗಿನ ಬೋಲ್ಟ್ ಬಿಚ್ಚಿದಾಗ ಸುರಿದದ್ದು ಒಂದು ಕಾಫಿ ಲೋಟದಷ್ಟು ಕರಿ ಆಯಿಲ್.

ಎರಡನೆಯ ಪೆಟ್ಟು ರಿಪೇರಿಯಲ್ಲಿ ಬಿತ್ತು. "ರಿಂಗ್ ಬದಲಾಯಿಸಿದ್ರೆ ಸಾಕು" ಎಂಬ ಮಾತಿಗೆ ಒಪ್ಪಿ 2,200 ರೂಪಾಯಿ ಕೊಟ್ಟೆ. ಬೋರಿನ ಒಳಗೋಡೆಗೆ ಎಮರಿ ಕಾಗದ ಉಜ್ಜಿ ಹೊಸ ರಿಂಗ್ ಕೂರಿಸಿದರು. ಅಳತೆ ಯಾರೂ ತೆಗೆಯಲಿಲ್ಲ. 300 ಕಿ.ಮೀ. ಮುಗಿಯುವ ಮೊದಲೇ ಹೊಗೆ ಮರಳಿತು. ಶಿವಮೊಗ್ಗದ ಹಿರಿಯ ಮೆಕ್ಯಾನಿಕ್ ಒಬ್ಬರು ಪ್ಲಗ್ ತೆಗೆದು, ಅದರ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಕಿಕ್ ಒತ್ತಿ ಕಂಪ್ರೆಷನ್ (ಸಿಲಿಂಡರಿನ ಒಳಗಿನ ಒತ್ತಡ) ಅಳೆದರು. ಆಯಿಲ್ ಬಿಡುವ ಮೊದಲಿಗಿಂತ ಮೀಟರಿನ ಮುಳ್ಳು ಚೆನ್ನಾಗಿ ಏರಿತು; ಹಾಗೆ ಏರಿದರೆ ಸೋರಿಕೆ ರಿಂಗು ಮತ್ತು ಬೋರಿನ ನಡುವೆ, ಏರದಿದ್ದರೆ ವಾಲ್ವಿನ ಕಡೆ ಎಂದು ವಿವರಿಸಿದರು. ಬಿಚ್ಚಿದ ಬೋರಿನೊಳಗೆ ನನ್ನ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಎಳೆಸಿದರು: ಘಾಟಿಯಲ್ಲಿ ಇಂಜಿನ್ ಸೀಜ್ ಆದಾಗ (ಬಿಗಿದು ನಿಂತಾಗ) ಬಿದ್ದ ಉದ್ದ ಗೀರುಗಳಲ್ಲಿ ಉಗುರು ಸಿಕ್ಕಿಕೊಳ್ಳುತ್ತಿತ್ತು. ಬೋರು ದುಂಡಗಿನ ಆಕಾರವನ್ನೂ ಕಳೆದುಕೊಂಡಿತ್ತು. ಅದಕ್ಕೆ ಎಂಥ ಹೊಸ ರಿಂಗೂ ಹೊಂದಿಕೊಳ್ಳುವುದಿಲ್ಲ. ಕೊನೆಗೆ ಲೇತಿನಲ್ಲಿ ಬೋರನ್ನು 0.50 ಮಿ.ಮೀ. ಹಿಗ್ಗಿಸಿ, ಅದೇ ಓವರ್‌ಸೈಜಿನ ಪಿಸ್ಟನ್ ಕಿಟ್, ಸವೆದ ರಾಕರ್ ಆರ್ಮಿನ (ವಾಲ್ವ್ ಒತ್ತುವ ತೋಳು) ಬದಲಿಗೆ ಹೊಸದು, ವಾಲ್ವ್ ಸೀಲ್ ಎಲ್ಲ ಸೇರಿ ಇನ್ನೂ 7,400 ರೂಪಾಯಿ ಆಯಿತು. ಅದರಲ್ಲಿ ವಾಲ್ವ್ ಸೀಲಿನ ಬೆಲೆಯೇ ಅತ್ಯಂತ ಕಡಿಮೆ.

ಹಳೆಯ ಬೈಕು ಕೊಳ್ಳುವವರಿಗೂ ಒಂದು ಮಾತು: ಮಾರುವವರು ಇದೇ ದಪ್ಪ ಆಯಿಲ್ಲಿನ ಉಪಾಯವನ್ನು ಬಳಸುವುದುಂಟು. ಬೆಳಗ್ಗೆಯೇ ಹೋಗಿ, ಸ್ಟಾರ್ಟ್ ಮಾಡುವ ಮೊದಲು ಇಂಜಿನ್ನನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮೊದಲ ಕಿಕ್ಕಿನ ಹೊಗೆ ಕಾಣದು, ಅದು ತಣ್ಣಗಾಗುವವರೆಗೆ ಕಾಯುತ್ತೇನೆಂದು ಹೇಳಿ. ಈಗಾಗಲೇ ಆಯಿಲ್ ಕುಡಿಯುವ ಗಾಡಿ ನಿಮ್ಮಲ್ಲಿದ್ದು, ಬಿಚ್ಚಿಸಲು ಸದ್ಯಕ್ಕೆ ಹಣವಿಲ್ಲದಿದ್ದರೆ, ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ನಿಲ್ಲಿಸಿದ ಕೆಲವು ನಿಮಿಷಗಳ ಬಳಿಕ ಪ್ರತಿ 200 ಕಿ.ಮೀ.ಗೊಮ್ಮೆ ಆಯಿಲ್ ಮಟ್ಟ ನೋಡಿ, ಕಡಿಮೆಯಾದಷ್ಟು ಸೇರಿಸುತ್ತಾ ಬನ್ನಿ. ಘಾಟಿ ಹತ್ತುವ ಮುನ್ನ ಇನ್ನೊಮ್ಮೆ ನೋಡಿ. ನಮ್ಮ ಗಾಡಿ ಹೊಸ ಬೋರಿನಲ್ಲಿ ಈಗ 1,500 ಕಿ.ಮೀ. ಓಡಿದೆ, ಆಯಿಲ್ ಮೇಲಿನ ಗೆರೆಯಿಂದ ಕೂದಲೆಳೆಯಷ್ಟು ಇಳಿದಿದೆ. ಪ್ರತಿ ಭಾನುವಾರ ಡಿಪ್‌ಸ್ಟಿಕ್ ಒರೆಸಿ ನೋಡುವ ಕೆಲಸವನ್ನು ತಂದೆಯವರೇ ವಹಿಸಿಕೊಂಡಿದ್ದಾರೆ.